ಬೇಕೆಂದೇ ತಪ್ಪಿದ ಸ್ವರ

"ಚೆನ್ನಾಗಿತ್ತು," ಅಂದರು ಮೇಷ್ಟ್ರು.

ಅವಳಿಗೆ ಅನುಮಾನ ಶುರುವಾದದ್ದು ಅಲ್ಲಿಂದಲೇ.

ಗಿಟಾರ್ ಹಿಡಿಯಲು ಕಲಿತು ಇನ್ನೂ ಕೆಲವೇ ವಾರ. ಬೆರಳ ತುದಿಗಳು ಕೆಂಪಗೆ ಊದಿಕೊಂಡು, ಬಿಸಿ ಲೋಟ ಮುಟ್ಟಿದರೂ ಚುರ್ ಎನ್ನುತ್ತಿದ್ದವು. ಸಿ ಕಾರ್ಡ್ ಎಂಬ ಸ್ವರಗುಚ್ಛದಿಂದ ಜಿ ಕಾರ್ಡಿಗೆ ಹೋಗುವಷ್ಟರಲ್ಲಿ ಬೆರಳುಗಳು ಒಂದೊಂದೂ ಒಂದೊಂದು ದಿಕ್ಕು ಹಿಡಿದು, ಒಂದು ತಂತಿ ಸಿಕ್ಕಿಬಿದ್ದ ನೊಣದ ಹಾಗೆ ಗುಂಯ್ ಅಂದು, ಇನ್ನೊಂದು ಮುನಿಸಿಕೊಂಡವರ ಹಾಗೆ ಬಾಯಿಯನ್ನೇ ಬಿಟ್ಟಿರಲಿಲ್ಲ. ಇದನ್ನು ಕೇಳಿ ಚೆನ್ನಾಗಿತ್ತು ಅನ್ನುವವರು ಒಂದೋ ಕಿವುಡರಿರಬೇಕು, ಇಲ್ಲ ಸುಳ್ಳರಿರಬೇಕು.

ಇವೆರಡರಲ್ಲಿ ಯಾವುದು ಎಂದು ಕಂಡುಹಿಡಿಯುವುದೇ ಅವಳ ಹೊಟ್ಟೆಪಾಡು.

ಕಿವಿ ಡಾಕ್ಟರ ಆಸ್ಪತ್ರೆಯಲ್ಲಿ ಅವಳಿಗೊಂದು ಸಣ್ಣ ಕೋಣೆ. ಅದರೊಳಗೆ ಇನ್ನೊಂದು, ಗಾಜಿನ ಕಿಟಕಿಯ, ದಪ್ಪ ಬಾಗಿಲಿನ ಪುಟ್ಟ ಕೋಣೆ. ಬಂದವರನ್ನು ಒಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, "ಶಬ್ದ ಕೇಳಿಸಿದಾಗ ಮಾತ್ರ ಒತ್ತಿ" ಎಂದು ಹೇಳಿ ಹೊರಗೆ ಕೂರುತ್ತಾಳೆ. ಕೇಳಿಸದವರು ಕೇಳಿಸಿದ ಹಾಗೆ ನಟಿಸುತ್ತಾರೆ. ಕೆಲಸ ತಪ್ಪಿಸಿಕೊಳ್ಳಬೇಕಾದವರು ಕೇಳಿಸಿದರೂ ಕೇಳಿಸದ ಹಾಗೆ ನಟಿಸುತ್ತಾರೆ. ಅದಕ್ಕೆ ಅವಳದೊಂದು ಉಪಾಯ. ನಡುನಡುವೆ ಯಾವ ಶಬ್ದವನ್ನೂ ಬಿಡದೆ ಸುಮ್ಮನಿರುವುದು. ಆ ಮೌನಕ್ಕೂ ಗುಂಡಿ ಒತ್ತಿದವರು ಸಿಕ್ಕಿಬಿದ್ದ ಹಾಗೆ. ಡಾಕ್ಟರು ಅವಳನ್ನು ಕರೆಯುವುದೇ 'ಸಿಐಡಿ' ಎಂದು.

ಕಣ್ಣಿಗೆ ರೆಪ್ಪೆ ಇಟ್ಟ ದೇವರು ಕಿವಿಗೆ ಇಡಲಿಲ್ಲ. ಬೇಡವೆಂದರೂ ಎಲ್ಲವೂ ಒಳಗೆ ಬರುತ್ತದೆ. ನಂಬುವುದು ಬಿಡುವುದು ಮಾತ್ರ ನಮಗೆ ಬಿಟ್ಟದ್ದು. ಅವಳು ನಂಬುವುದನ್ನು ಬಿಟ್ಟದ್ದಕ್ಕೆ ಕಾರಣವಿತ್ತು. ಅವಳು ದೂರದ ಊರಲ್ಲಿ ಓದುತ್ತಿದ್ದಾಗ ಅಪ್ಪನಿಗೆ ಹುಷಾರು ತಪ್ಪಿತು. ಫೋನ್ ಮಾಡಿದಾಗಲೆಲ್ಲ ಅಮ್ಮ, ಅಣ್ಣ, ಅತ್ತಿಗೆ, ಅಕ್ಕಪಕ್ಕದವರು ಕೂಡ ಒಂದೇ ಮಾತು ಹೇಳುತ್ತಿದ್ದರು: "ಚೆನ್ನಾಗಿದ್ದಾರೆ. ನೀನು ಪರೀಕ್ಷೆ ಮುಗಿಸ್ಕೊಂಡು ಬಾ." ಅವಳು ಮುಗಿಸಿಕೊಂಡು ಬಂದಳು. ಅಪ್ಪ ಅಷ್ಟರಲ್ಲಿ ಮುಗಿದಿದ್ದರು. ಅವಳ ಒಳ್ಳೆಯದಕ್ಕೇ ಹೇಳಿದ ಸುಳ್ಳು ಅದು. ಆ ಕಾರಣಕ್ಕೇ ಯಾರ ಮೇಲೂ ಸಿಟ್ಟು ಮಾಡುವ ಹಾಗೂ ಇರಲಿಲ್ಲ. ಸಿಟ್ಟು ಹೋಗಲು ಬೇರೆ ದಾರಿಯಿಲ್ಲದೆ ಅನುಮಾನವಾಗಿ ಒಳಗೇ ಉಳಿಯಿತು.

*

ಮೇಷ್ಟ್ರ ಕೋಣೆ ಸೈಕಲ್ ಅಂಗಡಿಯ ಮೇಲೆ. ಗೋಡೆಗೆಲ್ಲ ಹಳೆಯ ಕಂಬಳಿ. ಮೂಲೆಯಲ್ಲಿ ಕಂಪ್ಯೂಟರು, ಮೈಕು, ಒಂದಕ್ಕೊಂದು ಸುತ್ತಿಕೊಂಡ ವೈರುಗಳು. ಮೇಷ್ಟ್ರು ಎಂದರೆ ವಯಸ್ಸಾದವರೇನಲ್ಲ. ಅವಳಿಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಬೆರಳು ಎಲ್ಲಿಡಬೇಕೆಂದು ತೋರಿಸುವಾಗ ಕೈ ಮುಟ್ಟುತ್ತಿರಲಿಲ್ಲ, ಪೆನ್ಸಿಲಿನ ತುದಿಯಿಂದ ತಂತಿ ತೋರಿಸುತ್ತಿದ್ದರು.

"ಇಲ್ಲಿ, ಮೇಡಂ. ಈ ಲೋಹದ ಪಟ್ಟಿಯ ಮೇಲಲ್ಲ, ಪಟ್ಟಿಯ ಹಿಂದೆ."

"ಇಲ್ಲೇ ಇಟ್ಟಿದ್ದೀನಲ್ಲ ಮೇಷ್ಟ್ರೇ."

"ಬೆರಳು ಅಲ್ಲಿದೆ. ಮನಸ್ಸು ಮುಂದಿನ ಕಾರ್ಡಿಗೆ ಹೋಗಿದೆ. ಓಡಬೇಡಿ."

ಎರಡೇ ಮಾತು ಅವರದು. ನುಡಿಸುವಾಗ 'ಓಡಬೇಡಿ', ನುಡಿಸಿದ ಮೇಲೆ 'ಚೆನ್ನಾಗಿತ್ತು'.

ಇನ್ನೊಂದು ಅನುಮಾನವೂ ಇತ್ತು. ಗಿಟಾರ್ ಕಲಿಸುವವರು ಕಲಿಯುವವರ ಬೆರಳು ನೋಡಬೇಕು. ಇವರು ಅವಳ ಪಾದ ನೋಡುತ್ತಿದ್ದರು. ಅವಳು ಗಿಟಾರಿನ ಮೇಲೆ ಬಾಗಿದಾಗ ಓರೆಗಣ್ಣಲ್ಲಿ ಗಮನಿಸಿದ್ದಳು. ತಲೆ ತಗ್ಗಿಸಿ, ತದೇಕಚಿತ್ತದಿಂದ, ಅವಳ ಬಲಗಾಲನ್ನೇ. ಅವಳು ತಲೆ ಎತ್ತಿದರೆ ಅವರೂ ಎತ್ತುತ್ತಿದ್ದರು. ಆಗ ಒಂದು ಗಳಿಗೆ ನೋಟಕ್ಕೆ ನೋಟ ಸಿಕ್ಕಿ, ಇಬ್ಬರೂ ಮೈಕಿನ ಕಡೆ ನೋಡುತ್ತಿದ್ದರು, ಅದೇನೋ ಮಾತಾಡಿತು ಅನ್ನುವ ಹಾಗೆ.

ಮಹಡಿಯ ಮೇಲೆ ಬಟ್ಟೆ ಹರವುತ್ತಾ ಅವಳು ಇದನ್ನು ಅತ್ತಿಗೆಗೆ ಹೇಳಿದಳು.

"ಕಾಲು ನೋಡ್ತಾರಾ?" ಅತ್ತಿಗೆ ಹಲ್ಲಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ತೆಗೆದಳು. "ಕಾಲ್ಗುಣ ನೋಡ್ತಿರಬೇಕು ಕಣೇ. ಈ ಹುಡುಗಿ ಮನೆಗೆ ಬಂದ್ರೆ ಹೇಗೆ ಅಂತ."

"ಅತ್ತಿಗೆ, ನಾನು ಸೀರಿಯಸ್ಸಾಗಿ ಹೇಳ್ತಿದ್ದೀನಿ."

"ನಾನೂ ಅಷ್ಟೇ. ಮದುವೆ ಆಗಿದೆಯಂತಾ?"

"ನನಗೇನು ಗೊತ್ತು."

"ಊರವರ ಕಿವಿಯ ಒಳಗೇನಿದೆ ಅಂತೆಲ್ಲ ಗೊತ್ತು, ಇದು ಗೊತ್ತಿಲ್ವಾ?"

ಅವಳಿಗೆ ಗೊತ್ತಿತ್ತು. ಆಗಿಲ್ಲ. ಕೆಳಗಿನ ಸೈಕಲ್ ಅಂಗಡಿಯವನನ್ನು ಬಾಯಿ ಬಿಡಿಸಿದ್ದಳು. ಆದರೆ ಅದನ್ನು ಹೇಳಿದರೆ ಅತ್ತಿಗೆ ಊಟಕ್ಕೆ ಕೂತಾಗಲೂ ಬಿಡುವವಳಲ್ಲವೆಂದು ಒದ್ದೆ ದುಪಟ್ಟದ ಹಿಂದೆ ಮುಖ ಮರೆಸಿಕೊಂಡಳು.

*

ಅವರ ಬಳಿ ಕಲಿಯುವವರೆಲ್ಲ ಒಂದು ಹಂತಕ್ಕೆ ಬಂದಾಗ ತಮ್ಮದೇ ಒಂದು ಸಣ್ಣ ರಾಗ ಕಟ್ಟಿ ರೆಕಾರ್ಡ್ ಮಾಡಬೇಕು. ಅವಳೂ ಕಟ್ಟಿದ್ದಳು. ಆಸ್ಪತ್ರೆಗೆ ಹೋಗುವ ಬಸ್ಸಲ್ಲಿ ತನ್ನಷ್ಟಕ್ಕೆ ಹುಟ್ಟಿದ, ಮಾತಿಲ್ಲದ ನಾಲ್ಕು ಸಾಲು. ದಿನವಿಡೀ ಬೀಪ್ ಬೀಪ್ ಎನ್ನುವ ಒಂಟಿ ಶಬ್ದಗಳ ನಡುವೆ ಬದುಕುವವಳಿಗೆ, ಒಂದು ಸ್ವರ ಇನ್ನೊಂದರ ಕೈ ಹಿಡಿದು ನಡೆದದ್ದು ದೊಡ್ಡ ಪವಾಡವಾಗಿತ್ತು. ಯಾರಿಗೂ ಹೇಳದೆ ಮನಸ್ಸಲ್ಲೇ ದೇವರಿಗೊಂದು ಸಲ ಕೈ ಮುಗಿದಿದ್ದಳು.

ರೆಕಾರ್ಡಿಂಗಿನ ದಿನ ಮೇಷ್ಟ್ರು ಕಿಟಕಿ ಮುಚ್ಚಿದರು. ಫ್ಯಾನ್ ಆರಿಸಿದರು, ಅದರ ಸದ್ದು ಮೈಕಿಗೆ ಬೀಳಬಾರದು. ಅವಳ ಕಿವಿಗೆ ಹೆಡ್‌ಫೋನ್ ಕೊಟ್ಟರು. ಅದರಲ್ಲಿ ಟಿಕ್, ಟಿಕ್, ಟಿಕ್ ಎಂದು ತಾಳ.

"ಈ ಟಿಕ್ ನಿಮಗೆ ಮಾತ್ರ ಕೇಳಿಸುತ್ತೆ. ಆಮೇಲೆ ತೆಗೆದುಬಿಡ್ತೀನಿ. ತಪ್ಪಿದ್ರೆ ನಿಲ್ಲಬೇಡಿ, ಮುಂದೆ ಹೋಗಿ."

"ತಪ್ಪನ್ನ ನೀವು ಆಮೇಲೆ ಸರಿ ಮಾಡ್ತೀರಾ?"

"ಇಲ್ಲ ಮೇಡಂ. ನಾನು ಯಾರದನ್ನೂ ತಿದ್ದಲ್ಲ. ಹೇಗೆ ಬಾರಿಸಿದ್ರೋ ಹಾಗೇ ಇಡ್ತೀನಿ. ಇಲ್ಲಾಂದ್ರೆ ಅದು ನಿಮ್ಮದು ಹೇಗಾಗುತ್ತೆ?"

ಆ ಮಾತು ಅವಳಿಗೆ ಹಿಡಿಸಿತು. ಅಷ್ಟು ಹಿಡಿಸಿತು ಎಂದರೆ, ಸೆಕೆಯಲ್ಲಿ ಅವರ ಕೆನ್ನೆಯ ಮೇಲೆ ಇಳಿಯುತ್ತಿದ್ದ ಬೆವರ ಹನಿಯೊಂದನ್ನು ಅದು ಗದ್ದ ಮುಟ್ಟುವ ತನಕ ನೋಡುತ್ತಾ, ಮೊದಲ ಸಾಲನ್ನು ಎತ್ತಿಕೊಳ್ಳುವುದನ್ನೇ ಮರೆತಳು.

ನುಡಿಸಿದಳು. ಎರಡನೇ ಸಾಲಲ್ಲಿ ತಂತಿ ಎಂದಿನಂತೆ ಗುಂಯ್ ಅಂದಿತು. ಅವಳ ಮುಖ ಬಾಡಿತು. ನಿಲ್ಲದೆ ಮುಗಿಸಿದಳು.

"ಚೆನ್ನಾಗಿತ್ತು," ಅಂದರು. ಸಂಜೆಗೆ ರೆಕಾರ್ಡಿಂಗ್ ಫೋನಿಗೆ ಬಂತು.

ಮರುದಿನ ಆಸ್ಪತ್ರೆಯಲ್ಲಿ ಜನ ಕಡಿಮೆಯಿದ್ದಾಗ ಅವಳು ಗಾಜಿನ ಕೋಣೆಯೊಳಗೆ ಕೂತು, ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿದಳು. ಮೊದಲ ಸಾಲು ಅವಳದೇ. ಎರಡನೇ ಸಾಲು ಬಂತು, ಹೋಯಿತು. ಮತ್ತೆ ಹಾಕಿದಳು. ಮತ್ತೆ.

ಗುಂಯ್ ಇರಲಿಲ್ಲ.

ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು ಸಾಲು. ಯಾರದನ್ನೂ ತಿದ್ದಲ್ಲ ಎಂದವರು ಇದನ್ನು ತಿದ್ದಿದ್ದಾರೆ. ಬಹುಶಃ ತಾವೇ ನುಡಿಸಿ ಸೇರಿಸಿದ್ದಾರೆ. ಇಷ್ಟು ವಾರವೂ ಅವಳ ಕಿವಿಗೆ ಹೂವಿಟ್ಟಿದ್ದಾರೆ. ಕಿವಿಯ ಕಸುಬಿನವಳ ಕಿವಿಗೇ.

ನೇರವಾಗಿ ಕೇಳಬಹುದಿತ್ತು. ಆದರೆ ಸುಳ್ಳು ಹೇಳುವವರನ್ನು ಅವಳು ಎಂದೂ ನೇರವಾಗಿ ಕೇಳಿದವಳಲ್ಲ. ಪರೀಕ್ಷೆ ಮಾಡುತ್ತಿದ್ದಳು.

*

"ಇನ್ನೊಂದು ಸಲ ರೆಕಾರ್ಡ್ ಮಾಡೋಣ ಮೇಷ್ಟ್ರೇ. ಮೊದಲನೇದು ನನಗೆ ಸಮಾಧಾನ ಇಲ್ಲ."

"ಮಾಡೋಣ ಅದಕ್ಕೇನು," ಎಂದು ಅವರು ಫ್ಯಾನ್ ಆರಿಸಿದರು.

ಅವಳ ಲೆಕ್ಕ ಸರಳವಾಗಿತ್ತು. ಮೂರನೇ ಸಾಲಿನ ನಡುವೆ, ಬೇಕೆಂದೇ, ಬೆರಳನ್ನು ಸರಿಯಾದ ಪಟ್ಟಿ ಬಿಟ್ಟು ಪಕ್ಕದ ಪಟ್ಟಿಯ ಹಿಂದೆ ಒತ್ತುವುದು. ಬೀದಿಯಲ್ಲಿ ಹೋಗುವವನೂ ನಿಂತು ನೋಡುವಂಥ ತಪ್ಪು. ಅದಕ್ಕೂ ಚೆನ್ನಾಗಿತ್ತು ಎಂದರೆ ಅಲ್ಲಿಗೆ ಮುಗಿಯಿತು.

ಟಿಕ್, ಟಿಕ್. ಮೊದಲ ಸಾಲು. ಎರಡನೆಯದು. ಮೂರನೇ ಸಾಲು ಹತ್ತಿರವಾದಂತೆ ಅವಳ ಇಡೀ ಜೀವ ಆ ಒಂದು ಬೆರಳಿಗೆ ಬಂದು ಕೂತಿತು. ಒತ್ತಿದಳು. ಮುರಿದ ಬಾಗಿಲಿನಂಥ ಸ್ವರವೊಂದು ಕಂಬಳಿಯ ಗೋಡೆಗೆ ಬಡಿದು ಬಿತ್ತು. ಅವಳು ಶಾಂತವಾಗಿ ನಾಲ್ಕನೇ ಸಾಲು ಮುಗಿಸಿ ತಲೆ ಎತ್ತಿದಳು.

ಮೇಷ್ಟ್ರು ಅವಳ ಕಾಲಿನಿಂದ ಕಣ್ಣೆತ್ತಿದರು. ಮುಖ ಅರಳಿತ್ತು. ಅವರನ್ನು ಹಾಗೆ ಅವಳು ಎಂದೂ ನೋಡಿರಲಿಲ್ಲ.

"ಇವತ್ತು ನಿಜವಾಗಿಯೂ ಚೆನ್ನಾಗಿತ್ತು," ಅಂದರು.

ಸಿಕ್ಕಿಬಿದ್ದವರನ್ನು ಕಂಡಾಗ ಅವಳಿಗೆ ಸಾಮಾನ್ಯವಾಗಿ ಒಂದು ಸಣ್ಣ ಗೆಲುವಿನ ಖುಷಿ ಆಗುವುದುಂಟು. ಇವತ್ತು ಆಗಲಿಲ್ಲ. ಇವರು ಸಿಕ್ಕಿಬೀಳದೆ ಇರಲಿ ಎಂದು ತಾನು ಎಷ್ಟು ಹಾರೈಸಿದ್ದೆ ಎಂಬುದು ಅವಳಿಗೆ ಆಗ ಮಾತ್ರ ಗೊತ್ತಾಯಿತು. ಆ ಅರಳಿದ ಮುಖವೂ ಸುಳ್ಳಾದರೆ, ಇನ್ನು ಯಾವ ಮುಖವನ್ನು ನಂಬುವುದು?

ಹೆಡ್‌ಫೋನ್ ತೆಗೆದಿಟ್ಟಳು. ಗಿಟಾರನ್ನು ಗೋಡೆಗೆ ಒರಗಿಸಿದಳು.

"ನಾಳೆಯಿಂದ ಬರಲ್ಲ ಮೇಷ್ಟ್ರೇ."

"ಯಾಕೆ? ಏನಾಯ್ತು ಮೇಡಂ?"

"ಏನಿಲ್ಲ. ಎಲ್ಲ ಚೆನ್ನಾಗಿತ್ತು."

ಮೆಟ್ಟಿಲಿಳಿಯುವಾಗ ಹಿಂದೆ ಫ್ಯಾನ್ ಮತ್ತೆ ತಿರುಗಲು ಶುರುವಾದ ಸದ್ದು ಕೇಳಿಸಲಿಲ್ಲ. ಅವರು ಕಿಟಕಿ ಮುಚ್ಚಿದ ಸೆಕೆಯಲ್ಲೇ ನಿಂತಿದ್ದಿರಬೇಕು.

*

"ಒಂದು ಮಾತು ಚೆನ್ನಾಗಿತ್ತು ಅಂದಿದ್ದಕ್ಕೆ ಇಷ್ಟು ರಂಪಾನಾ?" ಅತ್ತಿಗೆ ಪಾತ್ರೆ ಒರೆಸುತ್ತಾ ಗೊಣಗಿದಳು. "ನಿಮ್ಮಣ್ಣ ನನ್ನ ಅಡುಗೆಗೆ ಒಂದು ದಿನವಾದ್ರೂ ಅಂದಿದ್ರೆ ನಾನು ಕುಣೀತಿದ್ದೆ."

"ಸುಳ್ಳು ಹೇಳಿದ್ರೂ?"

ಅತ್ತಿಗೆ ಒರೆಸಿದ ಲೋಟವನ್ನೇ ಮತ್ತೆ ಒರೆಸಿದಳು. "ಮಾವನವರ ವಿಷಯದಲ್ಲಿ ನಿನಗೆ ಸುಳ್ಳು ಹೇಳಿದವರಲ್ಲಿ ನಾನೂ ಒಬ್ಬಳು," ಅಂದಳು. "ಅದು ನನ್ನ ತಪ್ಪೇ. ಆದ್ರೆ ಪುಟ್ಟೀ, ನಮ್ಮ ಮೇಲಿನ ಸಿಟ್ಟನ್ನ ತಗೊಂಡು ಹೋಗಿ ಆ ಮನುಷ್ಯನ ಮೇಲೆ ಹಾಕಬೇಡ. ಅವರನ್ನ ಒಂದು ಸಲ ಬಾಯಿಬಿಟ್ಟು ಕೇಳು."

ಅವಳು ಉತ್ತರ ಕೊಡಲಿಲ್ಲ. ಕೇಳಲೂ ಹೋಗಲಿಲ್ಲ. ಬೆರಳ ತುದಿಯ ಗಟ್ಟಿ ಚರ್ಮ ಪದರ ಪದರವಾಗಿ ಸುಲಿಯತೊಡಗಿತು. ಬಸ್ಸಲ್ಲಿ ರಾಗ ಬರುವುದು ನಿಂತಿತು.

ಆಮೇಲೊಂದು ಮಧ್ಯಾಹ್ನ, "ಮುಂದಿನವರು ಬನ್ನಿ" ಎಂದು ಅವಳು ಬಾಗಿಲ ಕಡೆ ನೋಡಿದರೆ, ಚೀಟಿ ಹಿಡಿದು ನಿಂತಿದ್ದವರು ಮೇಷ್ಟ್ರು. ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ. ತಲೆ ಬಾಚಿಕೊಂಡು ಬಂದಿದ್ದರು.

"ಏನು ತೊಂದರೆ?" ಅಂದಳು, ಎಲ್ಲ ರೋಗಿಗಳನ್ನೂ ಕೇಳುವ ದನಿಯಲ್ಲಿ.

"ಒಬ್ಬರು ನನ್ನ ಕಿವಿ ಮೇಲೆ ಅನುಮಾನಪಟ್ಟು ಎದ್ದು ಹೋದ್ರು. ಮೊದಲು ಅದನ್ನ ಪರೀಕ್ಷೆ ಮಾಡಿ. ಆಮೇಲೆ ಮಾತಾಡೋಣ."

ಕೂರಿಸಿದಳು. ಹೆಡ್‌ಫೋನ್ ಹಾಕುವಾಗ ಅವಳ ಬೆರಳು ಅವರ ಕೂದಲಿಗೆ ತಗುಲಿತು. ಇಷ್ಟು ವಾರ ಪೆನ್ಸಿಲಿನ ತುದಿಯಷ್ಟು ದೂರದಲ್ಲಿದ್ದವರು ಕಣ್ಣು ಮುಚ್ಚಿಕೊಂಡರು. ಅವಳು ಬಾಗಿಲು ಹಾಕಿ ಹೊರಗೆ ಬಂದು ಕೂತಳು.

ಗಾಜಿನ ಆಚೆ ಅವರ ಮುಖ, ಈಚೆ ಅವಳದು. ಪರೀಕ್ಷೆ ಮಾಡುವವರ ಮುಖದಲ್ಲಿ ಏನೂ ಕಾಣಬಾರದು. ಅವಳ ಮುಖದಲ್ಲಿ ಏನೇನು ಕಂಡಿತೋ ದೇವರಿಗೇ ಗೊತ್ತು. ಶಬ್ದವನ್ನು ಸಣ್ಣದು ಮಾಡುತ್ತಾ ಹೋದಳು. ಒತ್ತಿದರು. ಇನ್ನೂ ಸಣ್ಣದು. ಒತ್ತಿದರು. ಎಲೆಯ ಮೇಲೆ ಎಲೆ ಬಿದ್ದಷ್ಟು ಸಣ್ಣದು. ಅದಕ್ಕೂ ಒತ್ತಿದರು. ಆಮೇಲೆ ಅವಳು ಸುಮ್ಮನಾದಳು.

ಅವರೂ ಸುಮ್ಮನಿದ್ದರು. ಆ ಮೌನ ಬೇಕಾದ್ದಕ್ಕಿಂತ ಉದ್ದವಾಯಿತು. ಅವಳು ಅವರನ್ನು ನೋಡಿದಳು, ಅವರು ಅವಳನ್ನು. ಅವರ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ಇತ್ತು, ಒತ್ತಲಿಲ್ಲ.

ಅವಳು ಬಾಗಿಲು ತೆಗೆದಳು.

"ಕಿವಿ ಚೆನ್ನಾಗಿದೆ. ಅಂದ್ರೆ ಅವತ್ತಿನ ತಪ್ಪು ಕೇಳಿಸಿತ್ತು."

"ಕೇಳಿಸಿತ್ತು. ಕೆಳಗೆ ಸೈಕಲ್ ಅಂಗಡಿಯವನೂ ಕೇಳಿಸ್ಕೊಂಡು ಏನು ಬಿತ್ತು ಅಂದ."

"ಆದ್ರೂ ಚೆನ್ನಾಗಿತ್ತು ಅಂದ್ರಿ."

"ಅಂದೆ. ನೀವಿಲ್ಲಿ ಕೂತ್ಕೊಳ್ಳಿ ಮೇಡಂ," ಎಂದು ತಾವು ಎದ್ದು, ಜೇಬಿನಿಂದ ಫೋನ್ ತೆಗೆದರು.

ಅವಳು ಮೊದಲ ಬಾರಿಗೆ ರೋಗಿಯ ಕುರ್ಚಿಯಲ್ಲಿ ಕೂತಳು. ಅವರು ಹೆಡ್‌ಫೋನನ್ನು ಫೋನಿಗೆ ಸಿಕ್ಕಿಸಿದರು. ಅವಳ ಅವತ್ತಿನ ನುಡಿಕೆ. ಆದರೆ ಈ ಸಲ ಟಿಕ್ ತೆಗೆದಿರಲಿಲ್ಲ. ಮೊದಲ ಸಾಲಲ್ಲಿ ಅವಳ ಕೈ ಟಿಕ್ಕಿಗಿಂತ ಒಂದು ಕೂದಲೆಳೆ ಮುಂದೆ. ಎರಡನೆಯದರಲ್ಲಿ ಇನ್ನಷ್ಟು ಮುಂದೆ. ತಾನು ಹೀಗೆ ಓಡುತ್ತೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮೂರನೇ ಸಾಲು ಬಂತು. ಟಿಕ್ಕೂ ಅವಳ ಕೈಯೂ ಒಂದಾದವು. ಆ ಮುರಿದ ಸ್ವರ ತಾಳದ ಮೇಲೆ, ಕೂದಲೆಳೆಯೂ ಆಚೀಚೆಯಾಗದೆ, ಕೂತಿತು. ಅಲ್ಲಿಂದ ಕೊನೆಯ ತನಕ ಒಂದು ಏಟೂ ತಪ್ಪಲಿಲ್ಲ.

"ನಾನು ಮೊದಲ ದಿನದಿಂದ ನಿಮ್ಮ ಕಾಲು ನೋಡ್ತಿದ್ದೀನಿ," ಅಂದರು. "ತಾಳ ಇರೋದು ಬೆರಳಲ್ಲಿ ಅಲ್ಲ, ಅಲ್ಲಿ. ಯಾವಾಗಲೂ ಓಡ್ತಿತ್ತು. ಎಲ್ಲೋ ತಡವಾಗಿ ಬಿಡುತ್ತೇನೋ, ಅಷ್ಟರಲ್ಲಿ ಎಲ್ಲ ಮುಗಿದು ಹೋಗುತ್ತೇನೋ ಅನ್ನೋ ಹಾಗೆ. ಅವತ್ತು ಮೂರನೇ ಸಾಲಲ್ಲಿ ಮೊದಲ ಸಲ ನಿಂತು ನಡೀತು. ನಾನು ಚೆನ್ನಾಗಿತ್ತು ಅಂದಿದ್ದು ಅದಕ್ಕೆ."

ಅಪ್ಪನ ವಿಷಯ ಅವಳು ಇವರಿಗೆ ಹೇಳಿರಲಿಲ್ಲ. ಹೆಡ್‌ಫೋನ್ ತೆಗೆಯುವ ನೆವದಲ್ಲಿ ಮುಖ ತಿರುಗಿಸಿದಳು.

"ಬೇಕಂತ ತಪ್ಪು ಮಾಡಿದ್ದೆ," ಅಂದಳು.

"ಗೊತ್ತಾಯ್ತು. ಆವಾಗ ಅಲ್ಲ, ಆಮೇಲೆ ರೆಕಾರ್ಡಿಂಗ್ ಕೇಳಿದಾಗ. ಕೈ ಮೀರಿ ತಪ್ಪಾದ್ರೆ ಮುಂದಿನ ಏಟು ಗಾಬರಿಯಾಗುತ್ತೆ. ನಿಮ್ಮದು ಆಗಲೇ ಇಲ್ಲ. ತಪ್ಪು ಮಾಡೋದರಲ್ಲೇ ಗಮನವಿಟ್ಟು ಓಡೋದನ್ನ ಮರೆತ್ರಿ."

"ಅವತ್ತೇ ಹೇಳಬಹುದಿತ್ತಲ್ಲ."

"ಬಾಯಿ ತೆಗೆಯೋದರೊಳಗೆ ನೀವು ಚಪ್ಪಲಿ ಹಾಕ್ಕೊಂಡಾಗಿತ್ತು. ಅದರಲ್ಲೂ ಓಟವೇ."

ನಗು ಬಂತು, ತಡೆದುಕೊಂಡಳು. ಇನ್ನೊಂದು ಬಾಕಿಯಿತ್ತು.

"ಮೊದಲನೇ ರೆಕಾರ್ಡಿಂಗಲ್ಲಿ ಎರಡನೇ ಸಾಲು? ಅಲ್ಲಿ ತಂತಿ ಗುಂಯ್ ಅಂದಿತ್ತು. ಕಳಿಸಿದ್ದರಲ್ಲಿ ಇಲ್ಲ."

ಮೇಷ್ಟ್ರ ಮುಖದ ಬಣ್ಣ ಇಳಿಯಿತು. ಅವಳು ಕಾದಳು. ಈಗೊಂದು ನೆಪ ಬರುತ್ತದೆ. ಮೈಕು, ವೈರು, ಕಂಪ್ಯೂಟರು, ಏನೋ ಒಂದು.

"ಅದು ನಾನು ಮಾಡಿದ್ದೇ," ಅಂದರು. "ನೀವೇ ನಾಲ್ಕನೇ ಸಾಲಲ್ಲಿ ಚೆನ್ನಾಗಿ ಬಾರಿಸಿದ್ದ ಕಾರ್ಡನ್ನ ಕತ್ತರಿಸಿ ಅಲ್ಲಿಗೆ ಕೂರಿಸಿದೆ. ಕೈ ನಿಮ್ಮದೇ. ಆದ್ರೂ ಮೋಸವೇ. ಮಾಡಬಾರದಿತ್ತು."

"ಯಾರದನ್ನೂ ತಿದ್ದಲ್ಲ ಅಂದಿದ್ರಿ. ಎಲ್ಲರಿಗೂ ಹೀಗೇ ಮಾಡ್ತೀರಾ?"

"ಇಲ್ಲ. ಇಷ್ಟು ವರ್ಷದಲ್ಲಿ ಯಾರಿಗೂ ಮಾಡಿಲ್ಲ."

"ಮತ್ತೆ ನನಗೆ ಮಾತ್ರ ಯಾಕೆ?"

ಹೊರಗೆ ಯಾರೋ ಕೆಮ್ಮಿದರು. ಅರ್ಧ ತೆರೆದಿದ್ದ ದಪ್ಪ ಬಾಗಿಲು ಅದನ್ನು ಅರ್ಧಕ್ಕೇ ತಡೆಯಿತು.

"ಆ ಗುಂಯ್ ಬಂದಾಗ ನಿಮ್ಮ ಮುಖ ಬಾಡಿತ್ತು," ಅಂದರು. "ಅದನ್ನ ಕೇಳಿದಾಗಲೆಲ್ಲ ಮತ್ತೆ ಬಾಡುತ್ತೆ ಅನ್ನಿಸ್ತು. ನನಗೆ ಅದನ್ನ ತಡ್ಕೊಳ್ಳೋಕೆ ಆಗಲಿಲ್ಲ. ಯಾಕೆ ಅಂತ ಅವತ್ತು ನನ್ನನ್ನೇ ಕೇಳ್ಕೊಂಡೆ. ಉತ್ತರ ಸಿಕ್ಕಿತು. ನೀವು ನನಗೆ ಬೇಕಾದವರು. ತುಂಬ ದಿನದಿಂದ."

ತಾನು ಕಳ್ಳತನವೆಂದು ಹಿಡಿದದ್ದರ ಒಳಗೆ ಇದು ಅಡಗಿ ಕೂತಿತ್ತಲ್ಲ ಎಂದು ಬೆರಗಾಗಿ ಕೂತಿದ್ದಳು. ಅಪ್ಪನ ವಿಷಯದಲ್ಲಿ ಸುಳ್ಳು ಹೇಳಿದವರೂ ಇಂಥದ್ದೇ ಪ್ರೀತಿಯಿಂದ ಹೇಳಿದ್ದರು. ಆದರೆ ಅವರು ಯಾರೂ, ಕೇಳಿದಾಗ, ಹೌದು ನಾನೇ ಮಾಡಿದೆ ಎಂದು ಇಷ್ಟು ಸರಳವಾಗಿ ಎದುರಿಗೆ ನಿಂತಿರಲಿಲ್ಲ. ಅತ್ತಿಗೆ ನಿಂತಿದ್ದಳು, ಮೊನ್ನೆ, ಲೋಟ ಒರೆಸುತ್ತಾ. ಅವಳಿಗೂ ತಾನು ಉತ್ತರ ಕೊಟ್ಟಿರಲಿಲ್ಲ.

"ಇನ್ನೊಂದು ಸಲ ರೆಕಾರ್ಡ್ ಮಾಡೋಣ," ಅಂದಳು ಕೊನೆಗೆ. "ಏನೂ ತಿದ್ದಬಾರದು."

"ತಿದ್ದಲ್ಲ."

"ಹೇಗಿತ್ತು ಅಂತಾನೂ ಹೇಳಬೇಕು. ಇದ್ದದ್ದು ಇದ್ದ ಹಾಗೆ."

*

ಆ ಸಂಜೆ ಕಂಬಳಿಯ ಕೋಣೆಯಲ್ಲಿ ಅವಳು ನಾಲ್ಕೂ ಸಾಲು ನುಡಿಸಿದಳು. ಪರೀಕ್ಷೆಗಲ್ಲ, ಸುಮ್ಮನೆ. ಸುಲಿದ ಬೆರಳು ಉರಿಯಿತು. ತಂತಿ ಎರಡು ಕಡೆ ಗುಂಯ್ ಅಂದಿತು. ಕಾಲು ಓಡಲು ಹೋಗಿ, ತಡೆದು, ಮತ್ತೆ ಟಿಕ್ಕಿನ ಪಕ್ಕಕ್ಕೆ ಬಂದು ನಿಂತಿತು. ಕೊನೆಯ ಸ್ವರ ಕಂಬಳಿಯೊಳಗೆ ಇಳಿದು ಹೋಗುವ ತನಕ ಇಬ್ಬರೂ ಉಸಿರು ಬಿಡಲಿಲ್ಲ.

"ಹೇಗಿತ್ತು?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅವರಿಗೆ ಕಷ್ಟವಾಗುತ್ತಿತ್ತು, ಕಾಣುತ್ತಿತ್ತು.

"ಎರಡನೇ ಸಾಲು ಕೆಟ್ಟುಹೋಗಿತ್ತು," ಅಂದರು. "ಮೂರನೇದು ಪರವಾಗಿಲ್ಲ. ಕೊನೆಯದು ಚೆನ್ನಾಗಿತ್ತು."

ಅವಳ ಎದೆಯೊಳಗೆ ವರ್ಷಗಳಿಂದ ಬಿಗಿಹಿಡಿದಿದ್ದ ಏನೋ ಒಂದು ಸಡಿಲಾಯಿತು. ಕಣ್ಣು ತುಂಬಿ ಬಂತು, ನಗುವೂ ಬಂತು. ಕೆಟ್ಟುಹೋಗಿತ್ತು ಎಂದ ಬಾಯಿಯಿಂದ ಬಂದ ಆ ಚೆನ್ನಾಗಿತ್ತು, ಇಷ್ಟು ದಿನ ಕೇಳಿದ ಯಾವ ಚೆನ್ನಾಗಿತ್ತಿನ ಹಾಗೂ ಇರಲಿಲ್ಲ.

"ಅಳ್ತಿದ್ದೀರಾ? ನೋಡಿ, ಇದಕ್ಕೇ ನಾನು—"

"ಬಿಡಿ, ಅಳೋದನ್ನ ತಿದ್ದೋಕೆ ಬರಬೇಡಿ," ಅಂದಳು, ತೋಳಲ್ಲಿ ಕಣ್ಣೊರೆಸಿಕೊಂಡು. "ಮಧ್ಯಾಹ್ನ ಹೇಳಿದ್ರಲ್ಲ, ಬೇಕಾದವರು ಅಂತ. ಅದನ್ನ ನಂಬಿದ್ದೀನಿ. ನನಗೂ ಹಾಗೇ."

ಅವರು ಅವಳ ಕೈಯನ್ನು ತೆಗೆದುಕೊಂಡರು. ಉರಿಯುವ ಬೆರಳುಗಳನ್ನು ಅಂಗೈಯಲ್ಲಿ ಹಗುರವಾಗಿ ಮುಚ್ಚಿಟ್ಟರು. ಸೆಕೆ ವಿಪರೀತವಿತ್ತು. ಇಬ್ಬರಿಗೂ ಫ್ಯಾನಿನ ನೆನಪಾಗಲಿಲ್ಲ.

"ಭಾನುವಾರ ಮನೆಗೆ ಬನ್ನಿ," ಅಂದಳು ಆಮೇಲೆ. "ಅಣ್ಣ ಜಾಸ್ತಿ ಮಾತಾಡಲ್ಲ. ಅತ್ತಿಗೆ ತಲೆ ತಿಂತಾರೆ. ಕೇಳಿದ್ದಕ್ಕೆಲ್ಲ ನಿಜ ಹೇಳಿ."

"ನಮ್ಮ ಹುಡುಗಿ ಹೇಗೆ ಬಾರಿಸ್ತಾಳೆ ಅಂತ ಕೇಳಿದ್ರೆ?"

ಅವಳು ಯೋಚಿಸಿದಳು.

"ಅದೊಂದಕ್ಕೆ ಬೇಕಾದ್ರೆ ಸುಳ್ಳು ಹೇಳಿ."